ಹಾಡುಹಕ್ಕಿಗಳ ಮರಿಪೋಷಣೆಯೂ 'ಒತ್ತಡದ ಹಾರ್ಮೋನೂ': ಒಂದು ವಿಮರ್ಶೆ

1

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವ ರಸ್ತೆಗೆ ಸಮೀಪವಾಗಿ, ಪುಟ್ಟೇನಹಳ್ಳಿಯ ಕೆರೆಯುಂಟು. ಇದೇ ಹೆಸರಿನ ಇನ್ನೊಂದು ಕೆರೆ ನಗರದ ದಕ್ಷಿಣದಲ್ಲಿ ಜಯಪ್ರಕಾಶನಗರದ ಬಳಿ ಇದೆ, ಅದು ಬೇರೆ. ನಾವು ಹೇಳಹೊರಟಿರುವ ಕೆರೆಯ ವಿಸ್ತಾರ ಸುಮಾರು 15 ಹೆಕ್ಟೇರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಸರ್ಕಾರವು 2015ರಲ್ಲಿ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಏರಿಯ ಮೇಲೆ ನಿಂತವರ ಕಣ್ಣು ಮೊದಲು ಹರಿಯುವುದು ಬಣ್ಣದ ಕೊಕ್ಕರೆ, ಹಾವಕ್ಕಿ, ಬಕ ಮೊದಲಾದ ದೊಡ್ಡ ನೀರುಹಕ್ಕಿಗಳ ಕಡೆಗೆ. ಆದರೆ ಸುತ್ತಣ ಪೊದೆಗಳಲ್ಲಿ, ಬೇಲಿಗಳಲ್ಲಿ, ಮನೆಗಳ ಸಂದುಗೊಂದುಗಳಲ್ಲಿ ಇನ್ನೊಂದು ಸಂಸಾರ ಸದ್ದಿಲ್ಲದೆ ನಡೆದಿರುತ್ತದೆ: ಪಿಕಳಾರ, ಟುವ್ವಿಹಕ್ಕಿ, ಸೂರಕ್ಕಿ, ಗೊರವಂಕ, ಗುಬ್ಬಚ್ಚಿಗಳದು. ಇವೆಲ್ಲ ಪಕ್ಷಿಶಾಸ್ತ್ರದಲ್ಲಿ ಹಾಡುಹಕ್ಕಿಗಳ ಗಣಕ್ಕೆ ಸೇರಿದವು. ಹಾಡು ಇಂಪಾಗಿರಬೇಕೆಂಬ ನಿಯಮ ಈ ಗಣಕ್ಕಿಲ್ಲ. ಧ್ವನಿಪೆಟ್ಟಿಗೆಯ ರಚನೆಯನ್ನು ನೋಡಿ ಮಾಡಿದ ವಿಂಗಡಣೆಯಾದುದರಿಂದ ಕಾಗೆಯೂ ಇದರಲ್ಲಿಯೇ ಬರುತ್ತದೆ.

ಈ ಸಣ್ಣ ಹಕ್ಕಿಗಳ ನೆರೆಹೊರೆಯನ್ನೂ ನೋಡಬೇಕು. ಕೆರೆಯ ಸುತ್ತ ಬಡಾವಣೆಗಳು ಬೆಳೆದಿವೆ. ರಸ್ತೆಯಲ್ಲಿ ವಾಹನಗಳ ಸದ್ದು ಹಗಲಿರುಳು ಕೇಳುತ್ತದೆ. ಕೊಳಚೆ ನೀರು ಕೆರೆಗೆ ಸೇರುವ ಸಂಗತಿ ಹಲವು ಸಲ ವೃತ್ತಪತ್ರಿಕೆಗಳಲ್ಲಿ ಚರ್ಚೆಗೆ ಬಂದಿದೆ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ವೈಮಾನಿಕ ಪ್ರದರ್ಶನಗಳು ನಡೆಯುತ್ತ ಬಂದಿವೆ. ಹೀಗಿರುವಲ್ಲಿ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಸಹಜವಾದುದೇ: ಇಷ್ಟು ಗಲಭೆಯ ನಡುವೆ ಹಕ್ಕಿ ತನ್ನ ಮರಿಗಳನ್ನು ಸರಿಯಾಗಿ ಸಾಕಬಲ್ಲುದೆ? ಇದಕ್ಕೆ ಈಚಿನ ದಿನಗಳಲ್ಲಿ ಸಿದ್ಧವಾದ ಉತ್ತರವೊಂದು ದೊರೆಯುತ್ತದೆ. 'ಗಲಭೆಯಿಂದ ಹಕ್ಕಿಯ ರಕ್ತದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಏರಿದರೆ ತಾಯಿಹಕ್ಕಿ ಮರಿಗಳನ್ನು ಅಲಕ್ಷ್ಯ ಮಾಡುತ್ತದೆ. ಆದುದರಿಂದ ಹಾರ್ಮೋನನ್ನು ಅಳೆದರೆ ಹಕ್ಕಿಯ ಕ್ಷೇಮವನ್ನು ಅಳೆದಂತಾಯಿತು' ಎಂಬುದೇ ಆ ಉತ್ತರ. ಇದು ಕೇಳಲು ಸುಲಭ, ಹೇಳಲು ಇನ್ನೂ ಸುಲಭ. ಇದರಲ್ಲಿ ಎಷ್ಟು ಭಾಗ ನಿಲ್ಲುತ್ತದೆ, ಎಷ್ಟು ಭಾಗ ಬೀಳುತ್ತದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಹೆಸರಿನ ವಿಚಾರ. 1936ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ವೈದ್ಯವಿಜ್ಞಾನಿಯು 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಬರಹವನ್ನು ಪ್ರಕಟಿಸಿದರು. ಇಲಿಗಳನ್ನು ಚಳಿಗೊಡ್ಡಿದರೂ, ಗಾಯಗೊಳಿಸಿದರೂ, ವಿಷದ್ರವ್ಯವನ್ನು ಚುಚ್ಚಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ವಿಕಾರಗಳು ತೋರುತ್ತವೆ ಎಂಬುದು ಅವರ ನಿರೂಪಣೆ. ಅಡ್ರಿನಲ್ ಗ್ರಂಥಿಗಳು ಉಬ್ಬುತ್ತವೆ, ಥೈಮಸ್ ಗ್ರಂಥಿ ಸೊರಗುತ್ತದೆ, ಜಠರದಲ್ಲಿ ಹುಣ್ಣುಗಳೇಳುತ್ತವೆ. ಈ ಸಾಮಾನ್ಯ ಪ್ರತಿಕ್ರಿಯೆಗೆ ಅವರು ಅನಂತರದ ವರ್ಷಗಳಲ್ಲಿ 'ಸ್ಟ್ರೆಸ್' ಎಂಬ ಹೆಸರನ್ನು ರೂಢಿಗೆ ತಂದರು. ಕನ್ನಡದಲ್ಲಿ ನಾವು ಅದನ್ನು 'ಒತ್ತಡ' ಎಂದೆವು. ವಾಯುವಿನ ಒತ್ತಡ, ರಕ್ತದ ಒತ್ತಡ ಎನ್ನುವಾಗಲೂ ಇದೇ ಮಾತು; ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಗೆ ಆಗುವುದೂ ಇದೇ.

ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಹೊರಗಿನಿಂದ ಬರುವ ಉಪದ್ರವ ಒಂದು. ಗಿಡುಗ, ಬಿರುಮಳೆ, ಮನುಷ್ಯನ ಕೈ ಇವೆಲ್ಲ ಉಪದ್ರವಗಳು. ಆ ಉಪದ್ರವಕ್ಕೆ ದೇಹವು ತೋರುವ ಪ್ರತಿಕ್ರಿಯೆ ಎರಡನೆಯದು. ಪ್ರತಿಕ್ರಿಯೆಯು ಬಹುಕಾಲ ಮುಂದುವರಿದಾಗ ಆಗುವ ಬಳಲಿಕೆ ಮೂರನೆಯದು. ಹಾರ್ಮೋನಿಗೆ ನೇರವಾದ ಸಂಬಂಧವಿರುವುದು ಎರಡನೆಯದರೊಡನೆ. 'ಒತ್ತಡದ ಹಾರ್ಮೋನು' ಎಂದು ಕರೆದೊಡನೆ ಓದುಗನ ಮನಸ್ಸು ಮೂರನೆಯದಕ್ಕೆ ಹಾರುತ್ತದೆ. ಪ್ರತಿಕ್ರಿಯೆ ಕಂಡಲ್ಲೆಲ್ಲ ಬಳಲಿಕೆಯನ್ನು ಕಾಣುತ್ತದೆ. ಬೆಂಕಿ ಬಿದ್ದಲ್ಲಿಗೆ ಅಗ್ನಿಶಾಮಕದವರು ಬರುತ್ತಾರೆಂದು, ಬೆಂಕಿಗೆ ಅವರೇ ಕಾರಣರೆಂದು ಹೇಳುವಂತಹ ತರ್ಕವಿದು.

ಇನ್ನೊಂದು ಮಾತನ್ನೂ ಗಮನಿಸಬೇಕು. ಸೆಲ್ಯೆಯವರ ಇಲಿಗಳು ಪಂಜರದಲ್ಲಿದ್ದವು; ಉಪದ್ರವದಿಂದ ಓಡಿಹೋಗಲು ಅವಕ್ಕೆ ದಾರಿಯಿರಲಿಲ್ಲ. ಗೂಡಿನಲ್ಲಿ ಕುಳಿತ ಹಕ್ಕಿಗೆ ರೆಕ್ಕೆಯುಂಟು. ಅದು ಹಾರಿಹೋಗಬಹುದು, ಹಾರಿಹೋದರೆ ಮರಿಗಳು ಕೆಡುತ್ತವೆ. ಉಳಿಯಬಹುದು, ಉಳಿದರೆ ತಾನೇ ಕೆಡಬಹುದು. ಪಂಜರದ ಪ್ರಾಣಿಗೆ ಇಲ್ಲದ ಈ ಇಕ್ಕಟ್ಟೇ ಮರಿಪೋಷಣೆಯ ಪ್ರಶ್ನೆಯ ತಿರುಳು.

3

ಹಕ್ಕಿಗಳಲ್ಲಿ ಈ ಕೆಲಸದ ಮುಖ್ಯ ಹಾರ್ಮೋನು ಕಾರ್ಟಿಕೊಸ್ಟಿರೋನ್. ಮನುಷ್ಯರಲ್ಲಿ ಕಾರ್ಟಿಸಾಲ್ ನಿರ್ವಹಿಸುವ ಸ್ಥಾನವನ್ನು ಅವುಗಳಲ್ಲಿ ಇದು ನಿರ್ವಹಿಸುತ್ತದೆ. ಮಿದುಳಿನ ಹೈಪೊಥಲಾಮಸ್ ಭಾಗವು ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳುಹಿಸುತ್ತದೆ; ಪಿಟ್ಯುಟರಿಯು ಅಡ್ರಿನಲ್ ಗ್ರಂಥಿಗೆ ಕಳುಹಿಸುತ್ತದೆ; ಅಡ್ರಿನಲ್ ಗ್ರಂಥಿಯು ಕಾರ್ಟಿಕೊಸ್ಟಿರೋನನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿ ಅದು ಹೆಚ್ಚಿತೆಂದರೆ ಸಂದೇಶವು ತಾನಾಗಿಯೇ ತಗ್ಗುತ್ತದೆ.

ಈ ಹಾರ್ಮೋನು ಆಪತ್ಕಾಲದಲ್ಲಿ ಮಾತ್ರ ಕಾಣಿಸಿಕೊಳ್ಳುವಂತಹುದಲ್ಲ. ಯಾವ ಉಪದ್ರವವೂ ಇಲ್ಲದ ದಿನದಲ್ಲಿಯೂ ಅದು ರಕ್ತದಲ್ಲಿ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಹೊತ್ತಿನಿಂದ ಹೊತ್ತಿಗೆ, ಋತುವಿನಿಂದ ಋತುವಿಗೆ ಏರಿಳಿಯುತ್ತದೆ. ಇದನ್ನು ನಾವು 'ಮೂಲಮಟ್ಟ' ಎನ್ನೋಣ. ಹಕ್ಕಿಯನ್ನು ಹಿಡಿದು ಮೂರು ನಿಮಿಷಗಳೊಳಗೆ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಈ ಮೂಲಮಟ್ಟವೇ ದೊರೆಯುತ್ತದೆ. ಅದನ್ನು ಬಟ್ಟೆಯ ಚೀಲದಲ್ಲಿ ಇರಿಸಿ, ಅರ್ಧ ಗಂಟೆಯ ಮೇಲೆ ಮತ್ತೆ ರಕ್ತ ತೆಗೆದರೆ ಸಿಗುವುದು 'ಏರುಮಟ್ಟ'. ಜೀವಕೋಶಗಳಲ್ಲಿ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳೂ ಎರಡು ಬಗೆ. ಒಂದು ಬಗೆಯವು ಸ್ವಲ್ಪವೇ ಇದ್ದರೂ ಹಿಡಿದುಕೊಳ್ಳುತ್ತವೆ. ಇನ್ನೊಂದು ಬಗೆಯವು ಬಹಳವಾಗಿ ಏರಿದಾಗ ಮಾತ್ರ ತುಂಬುತ್ತವೆ. ಹೀಗೆ ಒಂದೇ ದ್ರವ್ಯವು ಕೆಳಮಟ್ಟದಲ್ಲಿ ದಿನದ ಹಸಿವು, ಅಲೆದಾಟ, ಇಂಧನದ ಹಂಚಿಕೆಗಳನ್ನು ನೋಡಿಕೊಳ್ಳುತ್ತದೆ. ಮೇಲ್ಮಟ್ಟದಲ್ಲಿ ಎಲ್ಲವನ್ನೂ ಬದಿಗೊತ್ತಿ ಪ್ರಾಣರಕ್ಷಣೆಗೆ ತೊಡಗಿಸುತ್ತದೆ. ದೊಡ್ಡ ಮನೆಯ ಉಗ್ರಾಣದ ಪಾರುಪತ್ಯಗಾರನು ನಿತ್ಯದ ದಿನಸಿಯನ್ನು ಅಳೆದುಕೊಡುವವನೂ ಹೌದು, ಬರಗಾಲದಲ್ಲಿ ಉಗ್ರಾಣದ ಬೀಗ ಹಾಕುವವನೂ ಹೌದು. ಆತನನ್ನು ಬರಗಾಲದ ಅಧಿಕಾರಿಯೆಂದು ಮಾತ್ರ ಕರೆಯುವುದು ಸರಿಯಲ್ಲ.

ಮರಿಪೋಷಣೆಗೆ ಹತ್ತಿರವಾದ ಇನ್ನೊಂದು ಹಾರ್ಮೋನು ಪ್ರೊಲ್ಯಾಕ್ಟಿನ್. ಪಾರಿವಾಳವು ತನ್ನ ಮರಿಗಳಿಗೆ ಗಂಟಲಚೀಲದಲ್ಲಿ ಒಸರುವ 'ಹಾಲ'ನ್ನು ಕೊಡುವುದಕ್ಕೆ ಪಿಟ್ಯುಟರಿಯ ಈ ಸ್ರಾವವೇ ಕಾರಣವೆಂದು ಕಂಡುಹಿಡಿದು, 1933ರಲ್ಲಿ ಇದಕ್ಕೆ ಆ ಹೆಸರನ್ನು ಕೊಟ್ಟವರು ಆಸ್ಕರ್ ರಿಡ್ಲ್ ಮತ್ತು ಅವರ ಸಂಗಡಿಗರು. ಪಾರಿವಾಳ ಹಾಡುಹಕ್ಕಿಯಲ್ಲ, ಆದರೆ ಕಾವು ಕೊಡುವ, ಗುಟುಕು ಕೊಡುವ ಹಾಡುಹಕ್ಕಿಗಳಲ್ಲಿಯೂ ಪ್ರೊಲ್ಯಾಕ್ಟಿನ್ ಏರಿರುತ್ತದೆ. ಆದಕಾರಣ ಗೂಡು ಬಿಡುವ ಬಿಡದಿರುವ ನಿರ್ಣಯವನ್ನು ಕಾರ್ಟಿಕೊಸ್ಟಿರೋನ್ ಒಂದರಿಂದಲೇ ಓದಹೊರಡುವುದು, ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿ ತೂಕ ಹೇಳಿದಂತಾಗುತ್ತದೆ.

4

ಸಾಮಾನ್ಯ ಅಭಿಪ್ರಾಯದ ಪರವಾದ ಸಾಕ್ಷ್ಯವನ್ನು ಮೊದಲು ನೋಡೋಣ, ಅದು ದುರ್ಬಲವಾದುದಲ್ಲ. ಸ್ವೀಡನ್ನಿನ ಬೆಂಗ್ಟ್ ಸಿಲ್ವೆರಿನ್ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದರಲ್ಲಿ ಪ್ರಸಿದ್ಧ. ಯೂರೋಪಿನ ಕಪ್ಪುಬಿಳುಪಿನ ನೊಣಹಿಡುಕ ಹಕ್ಕಿಗಳಿಗೆ ಅವರು ಮರಿ ಸಾಕುವ ಕಾಲದಲ್ಲಿ ಕಾರ್ಟಿಕೊಸ್ಟಿರೋನನ್ನು ದೇಹದೊಳಗೆ ಸೇರಿಸಿದರು. ಮಟ್ಟವು ಮಿತವಾಗಿ ಏರಿದ ಹಕ್ಕಿಗಳು ಮರಿಗಳಿಗೆ ಗುಟುಕು ತರುವುದನ್ನು ಕಡಮೆ ಮಾಡಿದವು, ಮರಿಗಳ ತೂಕ ಇಳಿಯಿತು. ಬಹಳವಾಗಿ ಏರಿದ ಹಕ್ಕಿಗಳು ಗೂಡನ್ನೇ ತೊರೆದವು. 1998ರಲ್ಲಿ ಜಾನ್ ವಿಂಗ್‌ಫೀಲ್ಡ್ ಮತ್ತು ಸಂಗಡಿಗರು ಇಂತಹ ಸಂಗತಿಗಳನ್ನು ಕ್ರೋಡೀಕರಿಸಿ, ಹಕ್ಕಿಯ ಬಾಳಿನಲ್ಲಿ 'ತುರ್ತಿನ ಅವಸ್ಥೆ' ಒಂದುಂಟೆಂದು ಪ್ರತಿಪಾದಿಸಿದರು. ಬಿರುಗಾಳಿ, ಆಹಾರಾಭಾವ ಮೊದಲಾದವು ಬಂದಾಗ ಹಕ್ಕಿಯು ಸಂತಾನದ ಕೆಲಸವನ್ನು ಬಿಟ್ಟು ತನ್ನ ಪ್ರಾಣವನ್ನು ಉಳಿಸಿಕೊಳ್ಳುತ್ತದೆ. ಕಾಲ ಒಳ್ಳೆಯದಾದಾಗ ಮತ್ತೆ ಗೂಡು ಕಟ್ಟುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು ಎರಡು. ಮೊದಲನೆಯದು, ಪ್ರಯೋಗದಲ್ಲಿ ಹೊರಗಿನಿಂದ ತುಂಬಿದ ಹಾರ್ಮೋನು ಉಪದ್ರವವಿಲ್ಲದಾಗಲೂ ಏರಿಯೇ ಇರುತ್ತದೆ. ನಿಸರ್ಗದಲ್ಲಿ ಅದು ಸಂದರ್ಭಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ಹಾರ್ಮೋನಿಗೆ ಇಂತಹ ಶಕ್ತಿಯುಂಟೆಂದು ಪ್ರಯೋಗ ತೋರಿಸುತ್ತದೆ. ನಿತ್ಯದ ಬದುಕಿನಲ್ಲಿ ಅದು ಆ ಶಕ್ತಿಯನ್ನು ಯಾವಾಗ ಬಳಸುತ್ತದೆಂದು ತೋರಿಸುವುದಿಲ್ಲ. ಎರಡನೆಯದು, ವಿಂಗ್‌ಫೀಲ್ಡರ ಪ್ರತಿಪಾದನೆಯಲ್ಲಿ ಗೂಡು ಬಿಡುವುದು ರೋಗವಲ್ಲ, ಉಪಾಯ. ಈ ಎರಡನೆಯ ಮಾತು ಜನಪ್ರಿಯ ಬರಹಗಳಲ್ಲಿ ಮರೆಯಾಗಿ ಹೋಗುತ್ತದೆ. ಗೂಡು ಬಿಟ್ಟ ಹಕ್ಕಿ ಕೆಟ್ಟ ತಾಯಿಯೆಂಬ ಧ್ವನಿ ಮಾತ್ರ ಉಳಿಯುತ್ತದೆ.

5

ಇನ್ನು ಎದುರು ಸಾಕ್ಷ್ಯ. ಇದರಲ್ಲಿ ನಮಗೆ ಅತ್ಯಂತ ಹತ್ತಿರವಾದ ಹಕ್ಕಿ ಗುಬ್ಬಚ್ಚಿಯೇ. ಯೂರೋಪಿನಲ್ಲಿ ಪ್ರಯೋಗಕ್ಕೆ ಒಳಗಾದ ಗುಬ್ಬಚ್ಚಿಯೂ ಯಲಹಂಕದ ಅಂಗಡಿಯ ಮುಂದೆ ಕಾಳು ಹೆಕ್ಕುವ ಗುಬ್ಬಚ್ಚಿಯೂ ಒಂದೇ ಜಾತಿ. 2007ರಲ್ಲಿ ಆಡಾಮ್ ಲೆಂಡ್ವಾಯಿ ಮತ್ತು ಸಂಗಡಿಗರು ಗುಬ್ಬಚ್ಚಿಗಳ ಗೂಡುಗಳಲ್ಲಿ ಮೊಟ್ಟೆಗಳ ಸಂಖ್ಯೆಯನ್ನು ಬದಲಾಯಿಸಿದರು. ಕೆಲವು ಗೂಡುಗಳಲ್ಲಿ ಹೆಚ್ಚಿಸಿದರು, ಕೆಲವುಗಳಲ್ಲಿ ಕಡಮೆ ಮಾಡಿದರು. ಅನಂತರ ತಂದೆತಾಯಿ ಹಕ್ಕಿಗಳನ್ನು ಹಿಡಿದು, ಮೇಲೆ ಹೇಳಿದ ಕ್ರಮದಲ್ಲಿ ಹಾರ್ಮೋನಿನ ಏರಿಕೆಯನ್ನು ಅಳೆದರು. ಉಪದ್ರವ ಎಲ್ಲ ಹಕ್ಕಿಗಳಿಗೂ ಒಂದೇ: ಮನುಷ್ಯನ ಕೈ, ಬಟ್ಟೆಯ ಚೀಲ. ಆದರೆ ಹೆಚ್ಚು ಮೊಟ್ಟೆಗಳ ಹೊಣೆ ಹೊತ್ತ ಹಕ್ಕಿಗಳಲ್ಲಿ ಏರಿಕೆ ಕಡಮೆಯಿತ್ತು; ಕಡಮೆ ಮೊಟ್ಟೆಗಳ ಹಕ್ಕಿಗಳಲ್ಲಿ ಹೆಚ್ಚಾಗಿತ್ತು. ಅಂದರೆ ಮರಿಪೋಷಣೆಯ ಮೇಲೆ ಹಾರ್ಮೋನಿನ ಪ್ರಭಾವವಿರುವಂತೆಯೇ, ಹಾರ್ಮೋನಿನ ಮೇಲೆ ಮರಿಪೋಷಣೆಯ ಪ್ರಭಾವವೂ ಉಂಟು. ಗೂಡಿನಲ್ಲಿರುವ ಸಂತಾನದ ಬೆಲೆ ಎಷ್ಟೆಂಬುದನ್ನು ದೇಹವು ಲೆಕ್ಕಕ್ಕೆ ತಂದುಕೊಂಡು ತನ್ನ ಗಾಬರಿಯನ್ನು ತಾನೇ ಹಿಡಿತದಲ್ಲಿರಿಸುತ್ತದೆ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗು ವಿರಳ. ಮಳೆಯಲ್ಲಿ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಒಳಗಿರುವ ಗುಬ್ಬಕ್ಕ ಮಗುವಿಗೆ ನೀರು ಹಾಕುತ್ತಿದ್ದೇನೆ, ಉಣಿಸುತ್ತಿದ್ದೇನೆ ಎಂದು ಒಂದೊಂದೇ ಕೆಲಸವನ್ನು ಹೇಳುತ್ತ ಬಾಗಿಲು ತೆರೆಯುವುದನ್ನು ಮುಂದಕ್ಕೆ ಹಾಕುತ್ತಾಳೆ. ಕಥೆಯನ್ನು ಹೇಳುವ ಅಜ್ಜಿಯರು ಇದನ್ನು ಗುಬ್ಬಕ್ಕನ ಜಾಣತನವೆಂದೋ ಕಲ್ಲೆದೆಯೆಂದೋ ತಮಗೆ ತೋಚಿದಂತೆ ತಿರುಗಿಸುವುದುಂಟು. ಲೆಂಡ್ವಾಯಿಯವರ ಪ್ರಯೋಗವನ್ನು ಓದಿದ ಮೇಲೆ ನಮಗೆ ಕಥೆಯ ಈ ಭಾಗವೇ ನೆನಪಾಗುತ್ತದೆ. ಒಳಗೆ ಮಗುವಿದ್ದಾಗ ಹೊರಗಿನ ಬಡಿತ ಕೇಳಿಸದೆ ಇರುವುದಿಲ್ಲ. ಕೇಳಿಸಿದರೂ ಅದಕ್ಕೆ ಓಗೊಡುವುದು ತಡವಾಗುತ್ತದೆ.

ಒಂದು ಜಾತಿಯಲ್ಲಿ ಕಂಡದ್ದು ಹಲವು ಜಾತಿಗಳಲ್ಲಿಯೂ ನಿಲ್ಲುತ್ತದೆಯೆ? 2009ರಲ್ಲಿ ವೆರೋನಿಕಾ ಬೊಕೊನಿ ಮತ್ತು ಸಂಗಡಿಗರು 64 ಪಕ್ಷಿಜಾತಿಗಳ ಅಳತೆಗಳನ್ನು ಹೋಲಿಸಿ ನೋಡಿದರು. ಈ ಸಲದ ಮರಿಗಳ ಬೆಲೆ ಹೆಚ್ಚಾಗಿರುವ ಜಾತಿಗಳಲ್ಲಿ ಹಾರ್ಮೋನಿನ ಏರಿಕೆ ಕಡಮೆಯೆಂಬುದೇ ಅವರಿಗೂ ದೊರೆತ ಫಲಿತಾಂಶ.

ಮೂಲಮಟ್ಟದ ವಿಚಾರವೂ ಹೀಗೆಯೇ ಸರಳವಲ್ಲ. ಕೆನಡಾದಲ್ಲಿ ಫ್ರಾನ್ಸೆಸ್ ಬೋನಿಯರ್ ಮತ್ತು ಸಂಗಡಿಗರು ಟ್ರೀ ಸ್ವಾಲೋ ಎಂಬ ಅಂಬರಗುಬ್ಬಿಯಲ್ಲಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಋತುವಿನ ಆರಂಭದಲ್ಲಿ ಮೂಲಮಟ್ಟ ಕಡಮೆಯಿದ್ದ ಹೆಣ್ಣುಗಳು ಹೆಚ್ಚು ಸಫಲವಾದವು. ಮರಿಗಳಿಗೆ ಗುಟುಕು ಕೊಡುವ ಕಾಲದಲ್ಲಾದರೋ ಮೂಲಮಟ್ಟ ಹೆಚ್ಚಿದ್ದ ಹೆಣ್ಣುಗಳೇ ಹೆಚ್ಚು ಸಫಲವಾದವು. 2011ರಲ್ಲಿ ಅವರು ಗೂಡುಗಳಿಗೆ ಹೆಚ್ಚಿನ ಮರಿಗಳನ್ನು ಸೇರಿಸಿ ನೋಡಿದಾಗ ತಂದೆತಾಯಿಗಳ ಮೂಲಮಟ್ಟ ಏರಿತು. ಹಾರ್ಮೋನು ಏರಿದ್ದು ಮರಿಗಳನ್ನು ಅಲಕ್ಷ್ಯ ಮಾಡುವುದಕ್ಕಲ್ಲ, ಅವುಗಳಿಗಾಗಿ ಹೆಚ್ಚು ದುಡಿಯುವುದಕ್ಕೆ. ಸಾಮಾನ್ಯ ಅಭಿಪ್ರಾಯವನ್ನು ಹಿಡಿದು ಹೊರಟ ಪರೀಕ್ಷಕನು ಈ ಹಕ್ಕಿಗಳ ರಕ್ತವನ್ನು ಮಾತ್ರ ಕಂಡಿದ್ದರೆ, ಅತ್ಯುತ್ತಮ ತಾಯಂದಿರನ್ನು ಅತ್ಯಂತ ಪೀಡಿತರೆಂದು ದಾಖಲೆ ಮಾಡುತ್ತಿದ್ದನು.

6

ಹೆಚ್ಚಿದ ಮಟ್ಟ ಕೇಡಿನ ಗುರುತಲ್ಲವಾದರೆ, ಕಡಮೆಯ ಮಟ್ಟವಾದರೂ ಕ್ಷೇಮದ ಗುರುತಾಗಬಹುದೆ? ಅದೂ ಇಲ್ಲ. ಇದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು.

ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ನೈಸರ್ಗಿಕ ಅನಿಲವನ್ನು ಕೊಳವೆಗಳಲ್ಲಿ ನೂಕುವ ಯಂತ್ರಗಳು ಎಡೆಬಿಡದೆ ಸದ್ದು ಮಾಡುತ್ತಿರುತ್ತವೆ. ಅವುಗಳ ಸಮೀಪದಲ್ಲಿ ಗೂಡು ಮಾಡುವ ಮೂರು ಜಾತಿಯ ಹಕ್ಕಿಗಳನ್ನು ಕುರಿತು ನೇಥನ್ ಕ್ಲೈಸ್ಟ್ ಮತ್ತು ಸಂಗಡಿಗರ ಪ್ರಬಂಧ 2018ರಲ್ಲಿ ಹೊರಬಂದಿತು. ಸದ್ದು ಹೆಚ್ಚಿದಲ್ಲಿ ಹಕ್ಕಿಗಳ ಮೂಲಮಟ್ಟ ಹೆಚ್ಚಿರಲಿಲ್ಲ, ಕಡಮೆಯಿತ್ತು. ಆದರೂ ಅವುಗಳಲ್ಲಿ ಒಂದಾದ ಪಶ್ಚಿಮದ ನೀಲಿಹಕ್ಕಿಯ ಮೊಟ್ಟೆಗಳು ಅಂತಹ ಸ್ಥಳಗಳಲ್ಲಿ ಕಡಮೆ ಪ್ರಮಾಣದಲ್ಲಿ ಒಡೆದು ಮರಿಯಾದವು. ಬಹುಕಾಲದ ಉಪದ್ರವದಿಂದ ಹಾರ್ಮೋನಿನ ವ್ಯವಸ್ಥೆಯೇ ಕುಗ್ಗಿದಂತೆ ಇದು ತೋರುತ್ತದೆ. ಕೂಗಿ ಕೂಗಿ ಗಂಟಲು ಕಟ್ಟಿದವನ ಮೌನವನ್ನು ನೆಮ್ಮದಿಯೆಂದು ತಿಳಿಯಲಾಗದು.

ಎರಡನೆಯ ನಿದರ್ಶನ ಹಕ್ಕಿಯದಲ್ಲ, ಆನೆಯದು. ಆದರೆ ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಬಂದುದಾಗಿ ನಮಗೆ ಹತ್ತಿರವಾದುದು. ಸಂಜೀತಾ ಪೋಖರೆಲ್, ಪಿ. ಬಿ. ಶೇಷಗಿರಿ, ರಾಮನ್ ಸುಕುಮಾರ್ ಇವರು ಆನೆಯ ಲದ್ದಿಯಲ್ಲಿ ಈ ಬಗೆಯ ಹಾರ್ಮೋನುಗಳ ಅವಶೇಷವನ್ನು ಅಳೆದರು. 2017ರ ಅವರ ಪ್ರಬಂಧದ ಪ್ರಕಾರ ಮೈ ಸೊರಗಿದ ಆನೆಗಳಲ್ಲಿ ಅದು ಹೆಚ್ಚಾಗಿತ್ತು. 2019ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ, ಊರಿನ ಬೆಳೆಗೆ ನುಗ್ಗುವ ಆನೆಗಳಲ್ಲಿ ಅದು ಕಾಡಿನ ಆನೆಗಳಿಗಿಂತ ಕಡಮೆ ಕಂಡುಬಂದಿತು. ಪಟಾಕಿ, ಬೆಂಕಿ, ಜನರ ಕೂಗು ಇವೆಲ್ಲ ಇರುವ ಕಡೆಯಲ್ಲಿ ಹೆಚ್ಚಿರಬೇಕಾದುದು ಕಡಮೆಯಾಗಿತ್ತು. ಬೆಳೆಯ ಪುಷ್ಟಿಕರವಾದ ಮೇವು ಇದಕ್ಕೆ ಕಾರಣವಿರಬಹುದೆಂದು ಲೇಖಕರು ಸೂಚಿಸಿದ್ದಾರೆ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಆಕ್ಷೇಪಣೆ ಸ್ಪಷ್ಟವಾಗುತ್ತದೆ. ನೀಲಿಹಕ್ಕಿಯಲ್ಲಿಯೂ ಮಟ್ಟ ಕಡಮೆ, ಬೆಳೆಗೆ ಬಂದ ಆನೆಯಲ್ಲಿಯೂ ಮಟ್ಟ ಕಡಮೆ. ಒಂದು ವ್ಯವಸ್ಥೆಯ ಕುಗ್ಗುವಿಕೆಯಿಂದ, ಇನ್ನೊಂದು ಹೊಟ್ಟೆ ತುಂಬಿದುದರಿಂದ. ಅಂಕೆ ಒಂದೇ ದಿಕ್ಕಿನದು, ಅರ್ಥ ಎರಡು. ಪ್ರಾಣಿಯ ಬದುಕನ್ನು ಹೊರಗಿನಿಂದ ಬಲ್ಲವನಿಗೆ ಮಾತ್ರ ಆ ಅಂಕೆ ಉಪಯೋಗಕ್ಕೆ ಬರುತ್ತದೆ.

7

ಹಳೆಯ ಗ್ರಂಥಗಳಲ್ಲಿ ಈ ಇಕ್ಕಟ್ಟಿನ ಎರಡು ಚಿತ್ರಗಳುಂಟು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ಹೇಳುವ ಪಾರಿವಾಳದ ಕಥೆ ಮೊದಲನೆಯದು: ಮರಿಗಳು ಬೇಡನ ಬಲೆಗೆ ಬಿದ್ದವೆಂದು ತಾಯಿಯೂ, ಆಕೆ ಬಿದ್ದಳೆಂದು ತಂದೆಯೂ ಬಲೆಗೆ ಬೀಳುತ್ತಾರೆ, ಇಡೀ ಸಂಸಾರ ನಾಶವಾಗುತ್ತದೆ. ಮಹಾಭಾರತದ ಆದಿಪರ್ವದಲ್ಲಿ, ಖಾಂಡವವನ ಉರಿಯುವಾಗ, ಜರಿತೆಯೆಂಬ ಶಾರ್ಙ್ಗಕ ಪಕ್ಷಿಯ ಪ್ರಸಂಗ ಎರಡನೆಯದು. ಗಂಡನಾದ ಮಂದಪಾಲನು ಬಳಿಯಿಲ್ಲ. ನಾಲ್ಕು ಮರಿಗಳಿಗೆ ರೆಕ್ಕೆ ಬಲಿತಿಲ್ಲ. ಮರಿಗಳೇ ತಾಯಿಗೆ, ನೀನು ಉಳಿದರೆ ಮತ್ತೆ ಮಕ್ಕಳನ್ನು ಪಡೆಯಬಹುದು, ಹಾರಿಹೋಗು ಎಂದು ಹೇಳುತ್ತವೆ. ಆಕೆ ಹೋಗುತ್ತಾಳೆ, ಮರಿಗಳು ಅಗ್ನಿಯ ಅನುಗ್ರಹದಿಂದ ಉಳಿಯುತ್ತವೆ, ಬೆಂಕಿ ಆರಿದ ಮೇಲೆ ಆಕೆ ಮರಳಿ ಬರುತ್ತಾಳೆ.

ಪುರಾಣವನ್ನು ವಿಜ್ಞಾನವೆಂದು ಸಾಧಿಸುವ ಇಚ್ಛೆ ನಮಗಿಲ್ಲ. ನಾವು ಹೇಳುವುದಿಷ್ಟು: ನಮ್ಮ ಮನಸ್ಸು ಪಾರಿವಾಳವನ್ನು ಮೆಚ್ಚುತ್ತದೆ, ಜರಿತೆಯನ್ನು ಕಂಡು ಹಿಂಜರಿಯುತ್ತದೆ, ಈ ಒಲವನ್ನೇ ನಾವು ತಿಳಿಯದೆ ಪ್ರಯೋಗಶಾಲೆಗೂ ಕೊಂಡೊಯ್ಯುತ್ತೇವೆ. ಅವಧೂತನಾದರೋ ಪಾರಿವಾಳದ ಕಥೆಯನ್ನು ಹೇಳಿದ್ದು ಮೆಚ್ಚುಗೆಗಾಗಿ ಅಲ್ಲ, ಎಚ್ಚರಿಕೆಗಾಗಿ. ಜರಿತೆಯ ಮುಂದೆ ಮರಿಗಳು ಇಡುವ ವಾದವು, ಈ ಸಲದ ಸಂತಾನ ಮತ್ತು ಮುಂದಿನ ಸಂತಾನಗಳ ನಡುವಣ ತೂಗಾಟ. ಅದೇ ತೂಗಾಟವನ್ನು ಇಂದಿನ ಶಾಸ್ತ್ರಜ್ಞರು ಹಾರ್ಮೋನಿನ ಏರಿಕೆಯಲ್ಲಿ ಹುಡುಕುತ್ತಿದ್ದಾರೆ. ಕಾರ್ಟಿಕೊಸ್ಟಿರೋನ್ ತಾಯ್ತನದ ವೈರಿಯಲ್ಲ. ಉಳಿಯಬೇಕೆ ಹೋಗಬೇಕೆ ಎಂಬ ನಿರ್ಣಯ ದೇಹದಲ್ಲಿ ಕಾರ್ಯಗತವಾಗುವ ದಾರಿಗಳಲ್ಲಿ ಅದೊಂದು.

8

ಈ ವಿವೇಚನೆಯಿಂದ ಪುಟ್ಟೇನಹಳ್ಳಿಗೆ ಏನು ಪ್ರಯೋಜನ? ಪ್ರಯೋಜನವುಂಟು, ಏಕೆಂದರೆ ಇಂತಹ ಮೀಸಲು ಪ್ರದೇಶಗಳ ಹಣೆಬರಹ ಅನೇಕ ವೇಳೆ ಒಂದು ವರದಿಯ ಒಂದು ವಾಕ್ಯದಿಂದ ನಿರ್ಧಾರವಾಗುತ್ತದೆ. 'ಹಕ್ಕಿಗಳ ಹಾರ್ಮೋನಿನ ಮಟ್ಟ ಸಾಧಾರಣವಾಗಿದೆ. ಆದುದರಿಂದ ರಸ್ತೆಯ ಸದ್ದು ನಿರಪಾಯಕಾರಿ' ಎಂದು ಬರೆದರೆ ಅದು ನೀಲಿಹಕ್ಕಿಯ ಪಾಠವನ್ನು ಮರೆತ ವಾಕ್ಯ. 'ಹಕ್ಕಿಗಳು ಇನ್ನೂ ಇಲ್ಲಿಯೇ ಗೂಡು ಕಟ್ಟುತ್ತಿವೆ. ಆದುದರಿಂದ ಕೆರೆ ಚೆನ್ನಾಗಿದೆ' ಎಂಬುದೂ ಅಷ್ಟೇ ದುರ್ಬಲ. ಹೋಗಲು ಬೇರೆಡೆಯಿಲ್ಲದ ಹಕ್ಕಿಯೂ ಉಳಿಯುತ್ತದೆ, ಗೂಡು ತುಂಬ ಮರಿಗಳಿರುವ ಹಕ್ಕಿಯೂ ಉಳಿಯುತ್ತದೆ. ಗೂಡು ಬಿಟ್ಟ ಹಕ್ಕಿಗಳನ್ನು ಮಾತ್ರ ಎಣಿಸಿ 'ಸರ್ವನಾಶ' ಎಂದು ಕೂಗುವುದೂ ಸಲ್ಲದು. ಅವು ಅದೇ ಋತುವಿನಲ್ಲಿ ಪಕ್ಕದ ಬೇಲಿಯಲ್ಲಿ ಮತ್ತೆ ಗೂಡು ಕಟ್ಟಿರಬಹುದು.

ಇಲ್ಲಿ ನಮ್ಮ ನಾಡಿಗೆ ವಿಶಿಷ್ಟವಾದ ಒಂದು ಪ್ರಶ್ನೆಯೂ ಏಳುತ್ತದೆ. ಮೇಲೆ ಹೇಳಿದ ಹಕ್ಕಿಗಳ ಅಧ್ಯಯನಗಳು ಶೀತದೇಶಗಳವು. ಅಲ್ಲಿ ಸಂತಾನದ ಋತು ಚಿಕ್ಕದು; ಈ ಸಲದ ಮರಿಗಳು ಕೆಟ್ಟರೆ ಎಷ್ಟೋ ಹಕ್ಕಿಗಳು ಮುಂದಿನ ವರ್ಷದವರೆಗೆ ಕಾಯಬೇಕು. ಬೆಂಗಳೂರಿನಲ್ಲಿ ಗುಬ್ಬಚ್ಚಿ ವರ್ಷದ ಬಹುಭಾಗ ಗೂಡು ಕಟ್ಟಬಲ್ಲುದು; ಗೀಜಗವಾದರೋ ಮಳೆಗಾಲವನ್ನು ನೋಡಿಕೊಂಡು ಕಟ್ಟುತ್ತದೆ. ಗೀಜಗದಲ್ಲಿ ಗೂಡು ನೇಯುವುದು ಗಂಡಿನ ಕೆಲಸ, ಕಾವು ಕೊಡುವುದು ಹೆಣ್ಣಿನ ಕೆಲಸ. ಗುಬ್ಬಚ್ಚಿಯಲ್ಲಿ ಮರಿಗಳ ಪೋಷಣೆ ಇಬ್ಬರದೂ. ಮರಿಗಳ ಬೆಲೆಯ ಸಿದ್ಧಾಂತ ನಿಜವಾದರೆ, ಮತ್ತೆ ಮತ್ತೆ ಅವಕಾಶವಿರುವ ನಮ್ಮ ಗುಬ್ಬಚ್ಚಿಯು ಒಂದು ಗೂಡನ್ನು ಬಿಡುವುದರಲ್ಲಿ ಯೂರೋಪಿನ ತನ್ನ ಬಂಧುವಿಗಿಂತ ಸಡಿಲವಾಗಿರಬೇಕು, ಅದರ ಹಾರ್ಮೋನಿನ ಏರಿಕೆಯೂ ಹೆಚ್ಚಿರಬೇಕು. ಹಾಗಿದ್ದಲ್ಲಿ ಅದನ್ನು ನಗರದ ಕೇಡೆಂದು ಓದುವುದು ತಪ್ಪಾದೀತು; ಅದು ಹವೆಯ, ಋತುವಿನ ಗುಣವಾಗಿರಬಹುದು. ಪರದೇಶದ ಅಂಕೆಯನ್ನು ಅಳತೆಗೋಲಾಗಿ ತಂದು ಇಲ್ಲಿಯ ಹಕ್ಕಿಯ ಪಕ್ಕದಲ್ಲಿ ನಿಲ್ಲಿಸುವ ಮುನ್ನ ಇದನ್ನು ಯೋಚಿಸಬೇಕು.

ಕಡೆಯದಾಗಿ ವಿಧಾನದ ಮಾತು. ತಾಯಿಹಕ್ಕಿ ಗಾಬರಿಗೊಂಡಿದೆಯೆ ಎಂದು ತಿಳಿಯಲು ನಾವು ಅದನ್ನು ಹಿಡಿದು, ಅರ್ಧ ಗಂಟೆ ಚೀಲದಲ್ಲಿರಿಸಿ, ಗಾಬರಿಗೊಳಿಸುತ್ತೇವೆ. ಆ ಅರ್ಧ ಗಂಟೆ ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕಾಯುತ್ತಿರುತ್ತವೆ. ಜ್ಞಾನಕ್ಕೆ ಬೆಲೆ ಕೊಡಬೇಕಾಗುವುದು ನಿಜ. ಆದರೆ ಬೆಲೆ ಯಾರು ಕೊಡುತ್ತಾರೆಂಬುದನ್ನು ಪ್ರಯೋಗಕಾರನು ಮರೆಯಬಾರದು. ಹಕ್ಕಿಯನ್ನು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬ ನಿಯಮ ಕೇವಲ ಕಾಗದದ ತೊಡಕಲ್ಲ. ಹಿಕ್ಕೆಯಿಂದ, ಉದುರಿದ ಗರಿಯಿಂದ ಹಾರ್ಮೋನನ್ನು ಅಳೆಯುವ ಕ್ರಮಗಳೂ ಈಗ ಉಂಟು. ಗರಿಯು ತಾನು ಬೆಳೆದ ದಿನಗಳ ಲೆಕ್ಕವನ್ನು ಹೇಳುತ್ತದೆಯೇ ಹೊರತು ಇಂದಿನದನ್ನಲ್ಲ ಎಂಬ ಎಚ್ಚರವೊಂದಿದ್ದರೆ ಇವು ಮೇಲು.

ಆದರೆ ಅದಕ್ಕಿಂತ ಮೊದಲು ಆಗಬೇಕಾದ ಕೆಲಸಕ್ಕೆ ಸೂಜಿಯೂ ಬೇಡ, ಪ್ರಯೋಗಶಾಲೆಯೂ ಬೇಡ. ಕಾಲೇಜಿನ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ, ಗೂಡಿಗೆ ತಕ್ಕಷ್ಟು ದೂರದಲ್ಲಿ ಕುಳಿತು, ಗಂಟೆಗೆ ಎಷ್ಟು ಸಲ ಗುಟುಕು ಬಂದಿತು, ತಂದೆ ಎಷ್ಟು ಸಲ ತಂದನು, ತಾಯಿ ಎಷ್ಟು ಸಲ ತಂದಳು, ಉಪದ್ರವವಾದ ಮೇಲೆ ಎಷ್ಟು ನಿಮಿಷಕ್ಕೆ ಹಿಂದಿರುಗಿದಳು, ಕಡೆಗೆ ಎಷ್ಟು ಮರಿಗಳು ಹಾರಿದವು ಎಂದು ಬರೆದಿಡಬಹುದು. ಕೆರೆಯ ಬದಿಯ ಗೂಡುಗಳನ್ನೂ ರಸ್ತೆಯ ಬದಿಯ ಗೂಡುಗಳನ್ನೂ ಒಂದೇ ಋತುವಿನಲ್ಲಿ ನೋಡಬಹುದು. ಇಂತಹ ದಾಖಲೆ ಮೂರು ನಾಲ್ಕು ವರ್ಷಗಳವರೆಗೆ ನಡೆದು ಬಂದಲ್ಲಿ, ಅನಂತರ ತೆಗೆದ ಒಂದು ತೊಟ್ಟು ರಕ್ತಕ್ಕೂ ಅರ್ಥ ಬರುತ್ತದೆ. ಆ ದಾಖಲೆಯಿಲ್ಲದೆ ಅಳೆದ ಕಾರ್ಟಿಕೊಸ್ಟಿರೋನ್ ಎಷ್ಟೇ ಸೂಕ್ಷ್ಮವಾದ ಯಂತ್ರದಿಂದ ಬಂದಿದ್ದರೂ, ಪದ್ಯದ ಸಂದರ್ಭ ತಿಳಿಯದೆ ಒಂದು ಪದಕ್ಕೆ ಅರ್ಥ ಹೇಳಿದಂತಾಗುತ್ತದೆ.

ಅಧ್ಯಾಪಕರು ಪಾಠ ಹೇಳುವಾಗ 'ಒತ್ತಡದ ಹಾರ್ಮೋನು' ಎಂಬ ಮಾತನ್ನು ಬಿಟ್ಟು ಕಾರ್ಟಿಕೊಸ್ಟಿರೋನ್ ಎಂದೇ ಹೇಳುವುದು, ಉಪದ್ರವ, ಪ್ರತಿಕ್ರಿಯೆ, ಬಳಲಿಕೆ ಎಂಬ ಮೂರನ್ನು ಬೇರೆ ಬೇರೆಯಾಗಿ ಹೆಸರಿಸುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಮುಂದಿನ ಬೇಸಿಗೆಯಲ್ಲಿ ಪಿಕಳಾರಗಳು ಗೂಡಿಗೆ ನಾರು ಒಯ್ಯತೊಡಗುವ ಹೊತ್ತಿಗೆ, ಒಂದೆರಡು ಕಾಲೇಜುಗಳಾದರೂ ಪುಟ್ಟೇನಹಳ್ಳಿಯಲ್ಲಿ ಈ ಲೆಕ್ಕವನ್ನು ಆರಂಭಿಸಲೆಂದು ಹಾರೈಸುತ್ತೇವೆ.